ಬಾಣದ ಮೊನೆ ಯಾರ ಕೈಯಲ್ಲಿರಬೇಕು?

ಹದೀಸ್ ಪಾಠದಲ್ಲಿ ನಾವು ಓದಿ, ಕಂಠಪಾಠ ಮಾಡಿ, ಆಮೇಲೆ ಮರೆತುಬಿಡುವ ಒಂದು ಚಿಕ್ಕ ಪ್ರಸಂಗವಿದೆ. ಒಬ್ಬ ವ್ಯಕ್ತಿ ಬಾಣಗಳನ್ನು ಹಿಡಿದುಕೊಂಡು ಮಸೀದಿಯೊಳಗಿಂದ ಹಾದು ಹೋಗುತ್ತಿದ್ದರು. ಮೊನೆಗಳು ಹೊರಗೆ ಚಾಚಿದ್ದವು. ಅದನ್ನು ಕಂಡ ಪ್ರವಾದಿ(ಸ)ಯವರು, ಮೊನೆಗಳನ್ನು ಕೈಯಲ್ಲಿ ಹಿಡಿದುಕೊಳ್ಳುವಂತೆ ಅವರಿಗೆ ಆದೇಶಿಸಿದರು. ಜಾಬಿರ್(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡು ಗ್ರಂಥಗಳಲ್ಲೂ ಇದೆ. ಅಬೂ ಮೂಸಾ(ರ)ರ ವರದಿಯಲ್ಲಿ ಮಸೀದಿಯ ಜೊತೆಗೆ ಮಾರುಕಟ್ಟೆಯೂ ಸೇರಿದೆ. ಯಾರಿಗೂ ಗಾಯವಾಗಬಾರದೆಂಬ ಕಾರಣವನ್ನೂ ಅದರಲ್ಲಿ ಹೇಳಲಾಗಿದೆ.

ಸ್ವಲ್ಪ ನಿಂತು ಆಲೋಚಿಸಿರಿ. ಬಾಣಗಳನ್ನು ಹೊರಗೆ ಎಸೆದು ಬಾ ಎಂದು ಪ್ರವಾದಿ(ಸ) ಹೇಳಲಿಲ್ಲ. ನೀನು ಸತ್ಯವಿಶ್ವಾಸಿ, ನಿನ್ನ ಮೇಲೆ ನಮಗೆ ನಂಬಿಕೆಯಿದೆ, ಹೇಗೆ ಬೇಕಾದರೂ ಹೋಗು ಎಂದೂ ಹೇಳಲಿಲ್ಲ. ಜನರಿಗೆ ದೂರ ಸರಿದು ನಿಲ್ಲಿರೆಂದೂ ಹೇಳಲಿಲ್ಲ. ಬಾಣ ಯಾರದೋ, ಅದರ ಮೊನೆಯನ್ನು ಹಿಡಿದುಕೊಳ್ಳುವ ಹೊಣೆಯೂ ಅವರದೇ ಆಯಿತು. ಈ ಹದೀಸನ್ನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ ನನಗೆ, ಇದು ನಮ್ಮ ಶಾಲೆಗಳಿಗೆ ಸಂಬಂಧಪಟ್ಟ ಮಾತು ಎಂದು ಹೊಳೆದದ್ದು ಮಾತ್ರ ತೀರ ತಡವಾಗಿ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಶಾಲೆಯೆಂದರೆ ನೂರಾರು ಮನೆಗಳ ಮಕ್ಕಳು ಒಂದೇ ಸೂರಿನಡಿ ಸೇರುವ ಸ್ಥಳ. ಅಲ್ಲಿ ಮಗುವಿಗೆ ತನ್ನ ಧರ್ಮವಿದೆ, ಪಕ್ಕದ ಬೆಂಚಿನ ಮಗುವಿಗೆ ತನ್ನ ಜೀವದ ಸುರಕ್ಷೆಯ ಹಕ್ಕಿದೆ. ಇವೆರಡೂ ಎದುರುಬದುರಾದಾಗ ಯಾವುದು ಮಣಿಯಬೇಕು? ಇದಕ್ಕೆ ಉದಾಹರಣೆಯಾಗಿ ಕೆನಡಾದ ಒಂದು ಮೊಕದ್ದಮೆಯನ್ನು ತೆಗೆದುಕೊಳ್ಳೋಣ. ಅದು ಮುಸ್ಲಿಮರದ್ದಲ್ಲ, ಸಿಖ್ಖರದ್ದು. ಬೇಕೆಂದೇ ಅದನ್ನು ಆರಿಸಿದ್ದೇನೆ. ಸ್ವಂತ ವ್ಯಾಜ್ಯದಲ್ಲಿ ನ್ಯಾಯ ಎಲ್ಲಿದೆಯೆಂದು ಕಾಣುವುದು ಯಾರಿಗೂ ಸುಲಭವಲ್ಲ.

ಅಮೃತ ಸ್ವೀಕರಿಸಿದ ಸಿಖ್ಖರು ಸದಾ ಧರಿಸಬೇಕಾದ ಐದು ಚಿಹ್ನೆಗಳಲ್ಲಿ ಕಿರ್ಪಾನ್ ಒಂದು. ಅದು ಲೋಹದ ಚಿಕ್ಕ ಖಡ್ಗ. 1699ರಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ಮೊದಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್‌ಸಿಂಗರು ನಮ್ಮ ಬೀದರಿನವರೆಂದು ಸಿಖ್ ಸಂಪ್ರದಾಯ ಹೇಳುತ್ತದೆ. ಆದ್ದರಿಂದ ಇದು ನಮಗೆ ತೀರ ಪರಕೀಯವಾದ ಸಂಗತಿಯೇನಲ್ಲ.

2001ರ ನವೆಂಬರ್ 19ರಂದು ಮಾಂಟ್ರಿಯಲ್ ನಗರದ ಒಂದು ಶಾಲೆಯ ಅಂಗಳದಲ್ಲಿ ಒಬ್ಬ ಸಿಖ್ ಬಾಲಕನ ಬಟ್ಟೆಯೊಳಗಿಂದ ಕಿರ್ಪಾನ್ ಕೆಳಗೆ ಬಿತ್ತು. ಆತ ಅದನ್ನು ಯಾರಿಗೂ ತೋರಿಸಿದ್ದಿಲ್ಲ, ಯಾರನ್ನೂ ಬೆದರಿಸಿದ್ದಿಲ್ಲ. ಆದರೆ ಶಾಲೆ ಬೆಚ್ಚಿತು. ಡಿಸೆಂಬರ್‌ನಲ್ಲಿ ಶಾಲಾ ಮಂಡಳಿಯೇ ಪತ್ರ ಬರೆದು, ಕಿರ್ಪಾನನ್ನು ಬಟ್ಟೆಯೊಳಗೆ ಭದ್ರವಾಗಿ ಮುಚ್ಚಿ ಧರಿಸಿದರೆ ಸಾಕೆಂದಿತು. ತಂದೆತಾಯಿ ಒಪ್ಪಿದರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಶಾಲೆಯ ಆಡಳಿತ ಸಮಿತಿ 2002ರ ಫೆಬ್ರವರಿಯಲ್ಲಿ ಇದನ್ನು ತಿರಸ್ಕರಿಸಿತು. ನಿಯಮಾವಳಿಯಲ್ಲಿ ಆಯುಧ ನಿಷಿದ್ಧ, ಕಿರ್ಪಾನ್ ಆಯುಧ, ಇಷ್ಟೇ ಅದರ ತರ್ಕ. ಮುಂದಿನ ತಿಂಗಳು ಮೇಲಿನ ಮಂಡಳಿಯೂ ಅದನ್ನೇ ಎತ್ತಿಹಿಡಿದು, ಬೇಕಿದ್ದರೆ ಕೊರಳಿಗೆ ಪದಕದಂತೆ ಒಂದು ಸಾಂಕೇತಿಕ ಕಿರ್ಪಾನ್ ಹಾಕಿಕೊಳ್ಳಲಿ ಎಂದಿತು. ಲೋಹದ್ದೇ ಆಗಬೇಕೆಂಬುದು ಆ ಹುಡುಗನ ಪ್ರಾಮಾಣಿಕ ವಿಶ್ವಾಸವಾಗಿತ್ತು. ನಿನ್ನ ಧರ್ಮದಲ್ಲಿ ಎಷ್ಟು ಸಾಕೆಂಬುದನ್ನು ನಾವೇ ಹೇಳುತ್ತೇವೆ ಎಂಬ ಈ ಧೋರಣೆ ಜಗತ್ತಿನ ಎಲ್ಲ ಕಡೆಯ ಕಚೇರಿಗಳಲ್ಲೂ ಇದೆ ಎಂದು ಕಾಣುತ್ತದೆ.

2002ರ ಮೇ ತಿಂಗಳಲ್ಲಿ ನ್ಯಾಯಾಲಯವು ಹುಡುಗನ ಪರವಾಗಿ ತೀರ್ಪಿತ್ತಿತು. ಅದು ಹಾಕಿದ ಷರತ್ತುಗಳನ್ನು ಗಮನಿಸಿರಿ: ಕಿರ್ಪಾನ್ ಬಟ್ಟೆಯ ಒಳಗಿರಬೇಕು. ಅದರ ಒರೆ ಲೋಹದ್ದಲ್ಲ, ಮರದ್ದಾಗಿರಬೇಕು. ಒರೆಯ ಸಮೇತ ಗಟ್ಟಿಬಟ್ಟೆಯಲ್ಲಿ ಸುತ್ತಿ ಹೊಲಿದು, ಅದನ್ನು ಹೆಗಲ ಪಟ್ಟಿಗೆ ಹೊಲಿಯಬೇಕು. ಶಾಲೆಯವರು ಯುಕ್ತ ರೀತಿಯಲ್ಲಿ ಪರಿಶೀಲಿಸಬಹುದು. ಕಳೆದುಹೋದರೆ ತಕ್ಷಣ ತಿಳಿಸಬೇಕು. ತಪ್ಪಿದರೆ ಧರಿಸುವ ಹಕ್ಕೇ ಹೋಗುತ್ತದೆ. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ರದ್ದುಮಾಡಿತು. ಕೊನೆಗೆ 2006ರ ಮಾರ್ಚ್ 2ರಂದು ಕೆನಡಾದ ಸುಪ್ರೀಂ ಕೋರ್ಟು ಸಂಪೂರ್ಣ ನಿಷೇಧವೇ ತಪ್ಪೆಂದು ಒಮ್ಮತದಿಂದ ಹೇಳಿತು. ಅಷ್ಟರಲ್ಲಿ ಬಾಲಕ ಆ ಶಾಲೆಯಲ್ಲಿ ಇರಲಿಲ್ಲ. ನಾಲ್ಕು ವರ್ಷ ಎಂದರೆ ಒಂದು ಮಗುವಿನ ಶಾಲಾಜೀವನದಲ್ಲಿ ಎಷ್ಟು ದೊಡ್ಡ ಅವಧಿ!

ಮುಖ್ಯ ತೀರ್ಪನ್ನು ಬರೆದ ನ್ಯಾಯಮೂರ್ತಿ ಲೂಯಿಸ್ ಶಾರೋನ್ ಸುರಕ್ಷೆಯನ್ನು ಹಗುರವಾಗಿ ಕಾಣಲಿಲ್ಲ. ಶಾಲೆಗಳಲ್ಲಿ ಸುರಕ್ಷೆ ಬೇಕೇಬೇಕು ಎಂದು ಒಪ್ಪಿಕೊಂಡೇ ಅವರು ಮುಂದಿನ ಪ್ರಶ್ನೆಗೆ ಹೋದರು. ಎಷ್ಟು ಸುರಕ್ಷೆ? ಎಳ್ಳಷ್ಟೂ ಅಪಾಯವಿಲ್ಲದ ಶಾಲೆ ಎಲ್ಲಿದೆ? ಕತ್ತರಿ, ಪೆನ್ಸಿಲ್, ಬೇಸ್‌ಬಾಲ್ ದಾಂಡು ಇವುಗಳಿಂದಲೂ ಹಲ್ಲೆ ಮಾಡಬಹುದು, ಅವು ಮಕ್ಕಳ ಕೈಗೆ ಇನ್ನೂ ಸುಲಭವಾಗಿ ಸಿಗುತ್ತವೆ. ಹೊಲಿದಿಟ್ಟ ಕಿರ್ಪಾನನ್ನು ಬೇರೊಬ್ಬ ಹುಡುಗ ಕಸಿಯಬೇಕಾದರೆ ಮೊದಲು ಇವನನ್ನು ಹಿಡಿದು ಕೆಡವಿ, ಬಟ್ಟೆಯೊಳಗೆ ಹುಡುಕಿ, ಹೊಲಿಗೆ ಬಿಚ್ಚಬೇಕು. ಸಿಖ್ ಮಕ್ಕಳು ಆ ದೇಶದ ಶಾಲೆಗಳಿಗೆ ಹೋಗಲಾರಂಭಿಸಿದ ನೂರು ವರ್ಷಗಳಲ್ಲಿ ಕಿರ್ಪಾನಿನಿಂದ ಶಾಲೆಯಲ್ಲಿ ಹಿಂಸೆ ನಡೆದ ಒಂದೇ ಒಂದು ಘಟನೆಯನ್ನೂ ಯಾರೂ ಕೋರ್ಟಿನ ಮುಂದೆ ತರಲಿಲ್ಲ. ಮುಸ್ಲಿಮ್ ಹೆಣ್ಮಕ್ಕಳು ತಲೆವಸ್ತ್ರ ಧರಿಸುವಾಗ ಟೋಪಿ ಧರಿಸಲು ಬಿಡದ ಇತರ ಮಕ್ಕಳಿಗೆ ಅನ್ಯಾಯವೆನಿಸುತ್ತದೆ ಎಂಬ ವಾದವೂ ಅಲ್ಲಿ ಬಂದಿತ್ತು. ಧಾರ್ಮಿಕ ಕರ್ತವ್ಯವನ್ನೂ ಟೋಪಿಯ ಆಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತೀರ ಮೇಲುಮೇಲಿನ ತಿಳುವಳಿಕೆಯೆಂದು ತೀರ್ಪು ಹೇಳಿತು.

ಹಾಗಾದರೆ ಧರ್ಮದ ಹೆಸರು ಹೇಳಿದರೆ ಎಲ್ಲೆಡೆಯೂ ಎಲ್ಲವೂ ನಡೆಯಬೇಕೇ? ಇಲ್ಲ. ವಿಮಾನದ ಮಾತೇ ಬೇರೆ ಎಂದು ಅದೇ ತೀರ್ಪು ಒಪ್ಪಿಕೊಂಡಿದೆ. ಅಲ್ಲಿ ಅಪರಿಚಿತರು ಕೆಲವು ಗಂಟೆಗಳ ಮಟ್ಟಿಗೆ ಸೇರುತ್ತಾರೆ. ಶಾಲೆಯಲ್ಲಿ ಅಧ್ಯಾಪಕರಿಗೆ ಮಗುವಿನ ಗುಣಸ್ವಭಾವ ವರ್ಷಗಟ್ಟಲೆ ಗೊತ್ತಿರುತ್ತದೆ. ಇಲ್ಲಿ ನನಗೆ ಇಬ್ನು ಉಮರ್(ರ)ರ ನೆನಪಾಗುತ್ತದೆ. ಮಿನಾದಲ್ಲಿ ಹಜ್ಜ್‌ನ ಜನಸಂದಣಿಯ ನಡುವೆ ಈಟಿಯ ಮೊನೆಯೊಂದು ಅವರ ಅಂಗಾಲಿಗೆ ಚುಚ್ಚಿತು. ನೋಡಲು ಬಂದ ಹಜ್ಜಾಜನು, ಯಾರು ಚುಚ್ಚಿದರೆಂದು ತಿಳಿದಿದ್ದರೆ ಎಂದಾಗ, ಅವರು ಅವನನ್ನೇ ಹೊಣೆಗಾರನನ್ನಾಗಿ ಮಾಡಿದರು. ಆಯುಧ ಧರಿಸದಿರುವ ದಿನದಲ್ಲಿ, ಆಯುಧ ತರದಿರುವ ಹರಮ್‌ನೊಳಗೆ ಅದನ್ನು ತರಲು ಬಿಟ್ಟವನು ಅವನೇ ತಾನೇ? ಈ ಘಟನೆಯೂ ಬುಖಾರಿಯಲ್ಲಿದೆ. ಒಂದು ಕಡೆ ಮೊನೆ ಹಿಡಿದು ಹೋಗಬಹುದು, ಇನ್ನೊಂದು ಕಡೆ ತರುವುದೇ ಕೂಡದು. ಸ್ಥಳ ನೋಡಿ, ಜನಸಂದಣಿ ನೋಡಿ ವಿಧಿ ಬದಲಾಗುತ್ತದೆ.

ನಮ್ಮ ಫುಕಹಾಗಳು ಇಂತಹ ಸಂದರ್ಭಗಳಿಗಾಗಿಯೇ ಕೆಲವು ಸೂತ್ರಗಳನ್ನು ಕೊಟ್ಟಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಉಸ್ಮಾನೀ ಕಾನೂನು ಸಂಹಿತೆ ‘ಮಜಲ್ಲಾ’ದ ಆರಂಭದ ಕಲಮುಗಳಲ್ಲಿ ಅವನ್ನು ಕಾಣಬಹುದು. ಸಾರ್ವಜನಿಕ ಹಾನಿಯನ್ನು ತಡೆಯಲು ಒಬ್ಬನಿಗಾಗುವ ಹಾನಿಯನ್ನು ಸಹಿಸಬೇಕೆಂಬುದು ಒಂದು. ಇದನ್ನು ಓದಿ ಶಾಲಾ ಆಡಳಿತದವರು ಸಂತೋಷಪಡಬಹುದು. ಆದರೆ ಅದರ ಜೊತೆಯಲ್ಲೇ ಇನ್ನೆರಡಿವೆ: ಬರಿಯ ಸಂಶಯದಿಂದ ನಿಶ್ಚಿತವಾದುದು ಅಳಿಯುವುದಿಲ್ಲ. ಅನಿವಾರ್ಯವೆಂದು ಕೊಟ್ಟ ವಿನಾಯಿತಿ ಆ ಅನಿವಾರ್ಯತೆಯ ಅಳತೆಯನ್ನು ಮೀರಬಾರದು. ನನ್ನ ಅಲ್ಪಮತಿಗೆ ತೋಚುವಂತೆ, ಶಾಲೆ ನಿಯಮ ಮಾಡುವಾಗ ಕೊನೆಯ ಸೂತ್ರವನ್ನು ಮೊದಲು ಓದಬೇಕು.

ನಮ್ಮ ಸಂವಿಧಾನದ 25ನೆಯ ವಿಧಿಯೂ ಇದೇ ದಾರಿಯಲ್ಲಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಎಂದೇ ಅದು ಆರಂಭವಾಗುತ್ತದೆ. ಅದರ ವಿವರಣೆಯಲ್ಲಿ ಕಿರ್ಪಾನ್ ಧಾರಣೆಯು ಸಿಖ್ ಧರ್ಮಾಚರಣೆಯಲ್ಲಿ ಸೇರಿದೆಯೆಂದು ಹೆಸರಿಸಿಯೇ ಹೇಳಲಾಗಿದೆ. ಆಚರಣೆಯಲ್ಲಿ ಮಾತ್ರ ನಾವು ಎಡವುತ್ತಿದ್ದೇವೆ. 2025ರ ಎಪ್ರಿಲ್‌ನಲ್ಲಿ ಸಿಇಟಿ ಪರೀಕ್ಷೆಯ ವೇಳೆ ಬೀದರಿನ ಒಂದು ಕೇಂದ್ರದಲ್ಲಿ ಜನಿವಾರ ತೆಗೆಯಬೇಕೆಂದು ಒಬ್ಬ ವಿದ್ಯಾರ್ಥಿಯನ್ನು ತಡೆದರು. ಆತನಿಗೆ ಗಣಿತ ಪರೀಕ್ಷೆಯೇ ತಪ್ಪಿಹೋಯಿತು. ಒಂದು ನೂಲಿನ ಎಳೆಯಲ್ಲಿ ಯಾವ ಚೀಟಿ ಅಡಗೀತು? ಆ ಹುಡುಗನಿಗಾದುದು ಅನ್ಯಾಯ. ಇದನ್ನು ಹೇಳಲು ನಾವು ಹಿಂಜರಿಯುವುದಾದರೆ ನಮ್ಮ ಮಕ್ಕಳ ತಲೆವಸ್ತ್ರದ ಬಗ್ಗೆ ಬಾಯಿ ತೆರೆಯುವ ಅಧಿಕಾರ ನಮಗಿಲ್ಲ. 2015ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯ ಸಂದರ್ಭದಲ್ಲಿ ಕೇರಳ ಹೈಕೋರ್ಟು ಇಬ್ಬರು ಮುಸ್ಲಿಮ್ ವಿದ್ಯಾರ್ಥಿನಿಯರಿಗೆ ತಲೆವಸ್ತ್ರ ಧರಿಸಲು ಅನುಮತಿ ಕೊಟ್ಟಿತು. ಅವರು ಅರ್ಧ ಗಂಟೆ ಮುಂಚೆ ಬಂದು ಪರೀಕ್ಷಾ ಸಿಬ್ಬಂದಿಯ ತಪಾಸಣೆಗೆ ಒಪ್ಪಬೇಕಿತ್ತು. (ಅದೇ ತಿಂಗಳು ಸುಪ್ರೀಂ ಕೋರ್ಟು ಇಂತಹದೇ ಇನ್ನೊಂದು ಅರ್ಜಿಯನ್ನು ಪುರಸ್ಕರಿಸಲಿಲ್ಲ ಎಂಬುದನ್ನೂ ಹೇಳಬೇಕು.) ಆ ಅರ್ಧ ಗಂಟೆಯೇ ಮೊನೆಯನ್ನು ಹಿಡಿದುಕೊಳ್ಳುವುದು.

ಇನ್ನು ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಕನ್ನಡ ಕಲಿಸುತ್ತಿದ್ದ ಪ್ರೌಢಶಾಲೆಯಲ್ಲಿ, ವಿಜ್ಞಾನದ ಪ್ರಯೋಗದ ವೇಳೆ ಒಂಭತ್ತನೆಯ ತರಗತಿಯ ಹುಡುಗಿಯೊಬ್ಬಳ ತಲೆವಸ್ತ್ರದ ಅಂಚು ಸ್ಪಿರಿಟ್ ದೀಪಕ್ಕೆ ತಗಲಿತು. ವಿಜ್ಞಾನದ ಟೀಚರು ಕೈಯಿಂದಲೇ ಹೊಸಕಿ ಆರಿಸಿದರು. ಹುಡುಗಿಗೆ ಏನೂ ಆಗಲಿಲ್ಲ, ಟೀಚರ ಬೆರಳು ಸುಟ್ಟಿತು. ಮರುದಿನ ಪ್ರಯೋಗಾಲಯದೊಳಗೆ ತಲೆವಸ್ತ್ರ ಕೂಡದೆಂದು ಮುಖ್ಯೋಪಾಧ್ಯಾಯರು ಆದೇಶಿಸಿದರು. ಸಂಜೆ ಹುಡುಗಿಯ ತಂದೆ ನನ್ನ ಮನೆಗೇ ಬಂದರು.

“ಉಸ್ತಾದ್, ಇವತ್ತು ಲ್ಯಾಬಿನಲ್ಲಿ ಬೇಡ ಅಂದ್ರು. ನಾಳೆ ಕ್ಲಾಸಿನಲ್ಲೂ ಬೇಡ ಅಂದ್ರೆ? ನಾನು ಮಗಳನ್ನು ಬಿಡಿಸ್ತೇನೆ” ಎಂದರು.

“ಬಿಡಿಸ್ಬೇಡಿ ಕಾಕ. ಸ್ವಲ್ಪ ದಿನ ಅವಳು ಪ್ರಯೋಗಕ್ಕೆ ಹೋಗದಿರಲಿ, ನಾನು ಮಾತಾಡ್ತೇನೆ” ಎಂದೆ.

ಅವರ ಭಯ ಆಧಾರವಿಲ್ಲದ್ದಲ್ಲ ಎಂಬುದು 2022ರ ನಂತರ ಈ ರಾಜ್ಯದಲ್ಲಿ ಎಲ್ಲರಿಗೂ ಗೊತ್ತು. ಆದರೆ ನಾನು ಮಾಡಿದ್ದೇನು? ಒಳ್ಳೆಯವನೆನಿಸಿಕೊಳ್ಳಲು ಹೋಗಿ, ಹುಡುಗಿಯನ್ನು ಪ್ರಯೋಗಾಲಯದ ಬಾಗಿಲಲ್ಲಿ ನಿಲ್ಲಿಸಿದೆ. ಮುಖ್ಯೋಪಾಧ್ಯಾಯರೊಂದಿಗೆ ಮಾತಾಡುವುದನ್ನು ಇಂದು ನಾಳೆ ಎಂದು ಮುಂದೂಡಿದೆ. ಒಂದೂವರೆ ತಿಂಗಳು ಹೋಯಿತು. ಗೆಳತಿಯರು ಆಮ್ಲ, ಪ್ರತ್ಯಾಮ್ಲ ಎಂದು ಬಣ್ಣ ಬದಲಾಗುವುದನ್ನು ನೋಡುತ್ತಿದ್ದರೆ ಇವಳು ವರಾಂಡದಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದಳು. ಸುಟ್ಟ ಬೆರಳಿನ ಟೀಚರೊಂದಿಗೆ ಒಂದು ಮಾತನ್ನೂ ನಾನು ಆಡಿರಲಿಲ್ಲ. ಅದೇ ದಿನಗಳಲ್ಲಿ ರಾತ್ರಿ ಮದ್ರಸದಲ್ಲಿ ಬಾಣದ ಹದೀಸಿನ ಪಾಠ ಬಂತು. ಮಕ್ಕಳಿಗೆ ಅರ್ಥ ಹೇಳುತ್ತಾ ಹೇಳುತ್ತಾ ನನ್ನ ನಾಲಿಗೆ ತಡೆಯಿತು.

ಮರುದಿನ ಟೀಚರ ಬಳಿಗೆ ಹೋಗಿ, ನಿಮಗೆ ಭಯವಿರುವುದು ನಿಖರವಾಗಿ ಯಾವುದರದ್ದು ಎಂದು ಕೇಳಿದೆ. ಅವರ ಭಯ ತಲೆಯ ಮೇಲಿನ ಬಟ್ಟೆಯದ್ದಾಗಿರಲಿಲ್ಲ, ಜೋತಾಡುವ ಅಂಚಿನದ್ದಾಗಿತ್ತು. ಜೊತೆಗೆ ಬಟ್ಟೆಯ ಜಾತಿಯದ್ದು. ನೈಲಾನ್, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿ ಕರಗುವುದಿಲ್ಲ, ಆದರೆ ಸಡಿಲವಾಗಿದ್ದರೆ ಅದೂ ಉರಿಯುತ್ತದೆ. ಹಾಗಾದರೆ ಜೋತುಬಿದ್ದ ಜಡೆ, ಚೂಡಿದಾರದ ಶಾಲು, ಹುಡುಗರ ಗುಂಡಿ ಹಾಕದ ತೋಳು? ಅವೂ ಅಷ್ಟೇ ಅಪಾಯ ಎಂದರು ಅವರು. ಆ ಕಡೆ ಯಾರ ಗಮನವೂ ಹೋಗಿರಲಿಲ್ಲ. ಹೊಸ ನಿಯಮ ಎಲ್ಲರಿಗೂ ಒಂದೇ ಆಯಿತು: ಜಡೆಯನ್ನು ಸುತ್ತಿ ಕಟ್ಟಬೇಕು, ಶಾಲು ತೆಗೆದಿಡಬೇಕು ಇಲ್ಲವೇ ಬಿಗಿಯಬೇಕು, ತೋಳಿನ ಗುಂಡಿ ಹಾಕಬೇಕು. ತಲೆವಸ್ತ್ರ ಹತ್ತಿಯದ್ದಾಗಿರಬೇಕು, ಅಂಚುಗಳನ್ನು ಒಳಗೆ ಸೇರಿಸಿ ಪಿನ್ನು ಹಾಕಬೇಕು. ಹುಡುಗಿಯ ತಂದೆಗೆ ಇದನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. ಅವರಿಗೆ ಪಿನ್ನೂ ಸೋಲಿನಂತೆ ಕಂಡಿತ್ತು. ಹದೀಸನ್ನು ಓದಿ ಹೇಳಿದೆ. ಸುಮ್ಮನೆ ಎದ್ದು ಹೋದರು. ಎರಡು ದಿನ ಬಿಟ್ಟು ಮಗಳು ಪ್ರಯೋಗಕ್ಕೆ ಬಂದಳು.

ಆದರೆ ಪಿನ್ನೆಂಬುದು ಎಲ್ಲ ಕಡೆಗೂ ಪರಿಹಾರವಲ್ಲ. ಪ್ರಯೋಗಾಲಯದಲ್ಲಿ ರಕ್ಷಿಸುವ ಪಿನ್ನು ಖೋಖೋ ಅಂಗಣದಲ್ಲಿ ಚುಚ್ಚುತ್ತದೆ. ಆಟಕ್ಕೆ ಕುತ್ತಿಗೆಗೆ ಬಿಗಿಯದ, ಎಳೆದರೆ ಬಿಟ್ಟುಕೊಳ್ಳುವ ಬಟ್ಟೆಯೇ ಬೇಕು. 2011ರ ಜೂನ್‌ನಲ್ಲಿ ಅಮ್ಮಾನ್‌ನಲ್ಲಿ ತಲೆವಸ್ತ್ರದ ಕಾರಣ ಇರಾನಿನ ಮಹಿಳೆಯರಿಗೆ ಒಲಿಂಪಿಕ್ ಅರ್ಹತಾ ಫುಟ್‌ಬಾಲ್ ಪಂದ್ಯ ತಪ್ಪಿತ್ತು. ಕುತ್ತಿಗೆಯ ಸುರಕ್ಷೆಯೂ ಆಗ ಕೇಳಿಬಂದ ಒಂದು ಕಾರಣ. ಸುರಕ್ಷಿತ ಮಾದರಿಗಳು ಸಿದ್ಧವಾದವು, 2012ರಲ್ಲಿ ಪ್ರಾಯೋಗಿಕವಾಗಿ, 2014ರ ಮಾರ್ಚ್‌ನಲ್ಲಿ ಶಾಶ್ವತವಾಗಿ ಅನುಮತಿ ಬಂತು.

ನಿಮ್ಮ ಮಗುವಿನ ಶಾಲೆಯಿಂದ ಇಂತಹ ಒಂದು ನಿಯಮ ಬಂದರೆ ಮೊದಲ ದಿನವೇ ಜನ ಸೇರಿಸಿಕೊಂಡು ಹೋಗಬೇಡಿರಿ. ಒಬ್ಬರೇ ಹೋಗಿ, ಅಪಾಯ ಯಾವುದೆಂದು ಕೇಳಿರಿ. ಇತರ ಮಕ್ಕಳಿಗೂ ಅದೇ ನಿಯಮ ಇದೆಯೇ ಎಂದು ಕೇಳಿರಿ. ಆ ಅಪಾಯವನ್ನು ನೀಗಿಸಲು ನೀವು ಏನು ಮಾಡಬಲ್ಲಿರೆಂಬುದನ್ನು ಕಾಗದದಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಡಿರಿ. ಅದರ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿರಿ. ಅದಕ್ಕೂ ಕಾರಣ ಕೊಡದೆ ಇಲ್ಲವೆಂದರೆ ಆಗ ಮೇಲಿನ ಕಚೇರಿಗೆ ಹೋಗಲು ನಿಮ್ಮ ಕೈಯಲ್ಲಿ ಆ ಕಾಗದವಿರುತ್ತದೆ. ಅಷ್ಟರವರೆಗೆ ಮಗುವನ್ನು ವರಾಂಡದಲ್ಲಿ ಮಾತ್ರ ಕೂರಿಸಬೇಡಿರಿ.