ರಜೆ ಮುಗಿಯುವ ಮೊದಲೇ ಬರೆದು ಕೊಡು, ಮಗಳೆ

ನಿನ್ನ ಹೆರಿಗೆ ರಜೆ ಮುಗಿಯುತ್ತ ಬಂತು. ನಮ್ಮೂರು ಹಿಟ್ನಾಳದಲ್ಲೇ ಕೂತು ಕೆಲಸ ಮಾಡಲು ಬಿಡುತ್ತಾರೋ, ಕೂಸನ್ನು ಎತ್ತಿಕೊಂಡು ಬೆಂಗಳೂರಿನ ಬಸ್ ಹತ್ತಬೇಕೋ ಎಂಬ ಚಿಂತೆ ನಿನಗೆ. “ದೊಡ್ಡಪ್ಪ, ಮನ್ಯಾಗ ಕುಂತು ಕೆಲಸ ಮಾಡೋದು ನಮ್ಮ ಹಕ್ಕು ಅಂತ ಕಾನೂನು ಇಲ್ಲೇನು?” ಎಂದು ಕೇಳಿದೆಯಲ್ಲ. ನಾನು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಜೀವ ಸವೆಸಿದವನು. ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದರು ಎಂದು ಬರೆದಿಡುವುದೇ ನನ್ನ ಕೆಲಸ. ಗೇಟಿಗೆ ಬಾರದವರಿಗೂ ಪಗಾರ ಸಿಗುವ ಕಾಲ ಬರುತ್ತದೆಂದು ಎಣಿಸಿರಲಿಲ್ಲ. ಆದರೂ ಕಾಗದಪತ್ರದ ವಿಷಯ ಒಂದಿಷ್ಟು ಗೊತ್ತು, ಕೇಳು.

ಅಂಥ ಹಕ್ಕು ಸದ್ಯಕ್ಕೆ ನಮ್ಮ ದೇಶದಲ್ಲಿಲ್ಲ. ಅದರ ಹತ್ತಿರ ಬರುವ ಒಂದು ಮಾತಿದೆ, ಅದೂ ನಿನ್ನಂಥ ಬಾಣಂತಿಯರಿಗೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರಲ್ಲ, ಆಗಲೇ ಇದನ್ನೂ ಸೇರಿಸಿದರು: ಮನೆಯಿಂದ ಮಾಡಬಹುದಾದ ಕೆಲಸವಾದರೆ ರಜೆಯ ನಂತರ ಮಾಲೀಕರು ಅದಕ್ಕೆ ಅವಕಾಶ ಕೊಡಬಹುದು, ಎಷ್ಟು ದಿನ, ಏನು ಷರತ್ತು ಎಂಬುದನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳಬೇಕು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಉಳಿದಿದೆ. ಕಂಪನಿಯವರು ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು. ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಗೆ ಸೇರಿದ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಒಬ್ಬರು ಇದೇ ಕಲಮು ಹಿಡಿದು ನಮ್ಮ ಹೈಕೋರ್ಟಿಗೆ ಹೋಗಿದ್ದರು. ಕೆಲಸದ ಸ್ವರೂಪ ಒಪ್ಪಿದರೆ ಮಾತ್ರ ಈ ಸವಲತ್ತು, ಅವರದು ಅಂಥ ಕೆಲಸವಲ್ಲ ಎಂದಿತು ಕೋರ್ಟು.

ಹಾಗಾಗಿ ನಿನ್ನ ಅರ್ಜಿಯಲ್ಲಿ ಕೂಸಿನ ಕಷ್ಟಕ್ಕಿಂತ ಮೊದಲು ಕೆಲಸದ ವಿಷಯ ಬರಲಿ. 2020ರ ಲಾಕ್‌ಡೌನಿನಲ್ಲಿ ಇದೇ ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೈವೇಯಲ್ಲಿ ಲಾರಿ ಹಾರ್ನ್ ಹೊಡೆದಾಗಲೆಲ್ಲ ಮೈಕ್ ಬಂದ್ ಮಾಡುತ್ತ ಕೆಲಸ ಮಾಡಿದೆಯಲ್ಲ? ಆಗ ಯಾವ ಯಾವ ಪ್ರಾಜೆಕ್ಟ್ ಮುಗಿಸಿಕೊಟ್ಟೆ, ಯಾವ ತಾರೀಖಿಗೆ, ಅದನ್ನು ಬರೆ. ಅತ್ತು ಕರೆದು ಬರೆದ ಅರ್ಜಿಗಳನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ಫೈಲಿನೊಳಗೆ ಹೋದರೆ ಮತ್ತೆ ಹೊರಗೆ ಬರುತ್ತಿರಲಿಲ್ಲ.

ಬಾಯಿಮಾತಿಗೆ ಮಾತ್ರ ಮರುಳಾಗಬೇಡ. 2021ರ ಆಗಸ್ಟ್‌ನಲ್ಲಿ ರೇಷ್ಮೆ ಮಂಡಳಿ ಜಂಕ್ಷನ್ನಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ಇದೆ, ಹೊರವರ್ತುಲ ರಸ್ತೆಯಲ್ಲಿ ಗಾಡಿ ಕಡಿಮೆಯಾಗಲಿ ಎಂದು ರಾಜ್ಯದ ಐಟಿ ಇಲಾಖೆಯೇ ಕಂಪನಿಗಳಿಗೆ ವಿನಂತಿ ಮಾಡಿತ್ತು: 2022ರ ಡಿಸೆಂಬರ್‌ವರೆಗೆ ನಿಮ್ಮ ಮಂದಿಯನ್ನು ಮನೆಯಿಂದಲೇ ದುಡಿಸಿರಿ. ರಸ್ತೆ ಬೇಕಾದಾಗ ಮನೆಯ ಕೆಲಸ ಚಂದ ಕಂಡಿತು. ಆಮೇಲೆ ಒಂದೊಂದೇ ಕಂಪನಿ “ಬರ್ರಿ, ಆಫೀಸಿಗೆ ಬರ್ರಿ” ಎಂದವು. ಕೊಟ್ಟಾಗಲೂ ಒಂದು ಮೇಲ್, ಕಸಿದಾಗಲೂ ಒಂದು ಮೇಲ್.

ನಮ್ಮ ಫ್ಯಾಕ್ಟರಿಯಲ್ಲಿ ಹಾಗೆ ನಡೆಯುತ್ತಿರಲಿಲ್ಲ. ಶಿಫ್ಟ್ ಬದಲಿಸಬೇಕೆಂದರೂ ನೋಟಿಸ್ ಬೋರ್ಡಿಗೆ ಹಚ್ಚಬೇಕು. ಸ್ಟ್ಯಾಂಡಿಂಗ್ ಆರ್ಡರ್ ಎಂಬ ನಿಯಮದ ಪುಸ್ತಕ ಇತ್ತು, 1946ರ ಕಾಯ್ದೆಯದು. ನಿಮ್ಮ ಐಟಿ ಕಂಪನಿಗಳಿಗೆ ನಮ್ಮ ರಾಜ್ಯ ಸರ್ಕಾರ ಆ ಕಾಯ್ದೆಯಿಂದ ವಿನಾಯಿತಿ ಕೊಡುತ್ತಲೇ ಬಂತು. 2024ರಲ್ಲಿ ಮತ್ತೆ 5 ವರ್ಷಕ್ಕೆ ಕೊಟ್ಟಿತು. ಸುಮ್ಮನೆ ಕೊಟ್ಟಿಲ್ಲ, ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತು ಹಾಕಿತ್ತು. ನಿನ್ನ ಕಂಪನಿಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ, ವಿಚಾರಿಸಿದ್ದೀಯಾ? ಎಚ್‌ಆರ್ ಜೊತೆ ಫೋನಿನಲ್ಲಿ ಜಗಳಾಡುವುದಕ್ಕಿಂತ ಅಲ್ಲಿಗೆ ಒಂದು ಅರ್ಜಿ ಹಾಕುವುದು ಮೇಲು.

ಕಾನೂನೇ ಬರಬೇಕೋ ಎಂದರೆ, ಬರಬೇಕು. ಆದರೆ “ನಾನು ಬರೋದಿಲ್ಲ, ಅದು ನನ್ನ ಹಕ್ಕು” ಎನ್ನುವಂಥದ್ದನ್ನು ನಾನಂತೂ ಒಪ್ಪಲಾರೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ಪಕ್ಕದ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಮಾರ್ಗದರ್ಶನ ಮಾಡಿದ್ದು ಡ್ಯಾಮಿನ ಮೇಲೆ ನಿಂತು. ಅಲ್ಲಿ ತೂಗುಬಿದ್ದು ಕೆಲಸ ಮಾಡಿದ ಹುಡುಗರಿಗೆ, ಗಿಣಿಗೇರಾದ ಫರ್ನೇಸಿನ ಮುಂದೆ ನಿಂತವರಿಗೆ, ಟೋಲ್ ಗೇಟಿನಲ್ಲಿ ರಾತ್ರಿಯಿಡೀ ಕೂತವರಿಗೆ ನಿನ್ನ ಹಕ್ಕಿನಿಂದ ಏನೂ ಸಿಗದು. ಎಲ್ಲರಿಗೂ ಸಿಗಬಹುದಾದದ್ದು ಬೇರೆ ಇದೆ: ಕೇಳುವ ಹಕ್ಕು, ಇಷ್ಟು ದಿನದೊಳಗೆ ಉತ್ತರ ಪಡೆಯುವ ಹಕ್ಕು, ಇಲ್ಲವೆಂದರೆ ಕಾರಣ ಬರೆದು ಕೊಡಿಸಿಕೊಳ್ಳುವ ಹಕ್ಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೀಗೆ ಕೇಳಬಹುದು, ಮಾಲೀಕ 2 ತಿಂಗಳೊಳಗೆ ತೀರ್ಮಾನ ಹೇಳಬೇಕು. ಫರ್ನೇಸಿನವನಿಗೂ ಅದರಲ್ಲಿ ಪಾಲಿದೆ. ಅವನು ಮನೆ ಕೇಳಲಾರ, ಶಿಫ್ಟ್ ಬದಲಾವಣೆ ಕೇಳಿಯಾನು. ನೆದರ್‌ಲ್ಯಾಂಡ್ಸ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟ ಮಸೂದೆ 2022ರಲ್ಲಿ ಕೆಳಮನೆ ದಾಟಿ, ಮರುವರ್ಷ ಮೇಲ್ಮನೆಯಲ್ಲಿ ಬಿದ್ದುಹೋಯಿತು. ನಮ್ಮಲ್ಲಿ ಸಂವಿಧಾನದ 371(ಜೆ) ವಿಧಿ ಬಂದಮೇಲೆ ಕೊಪ್ಪಳದ ಮಕ್ಕಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಕ್ಕಿತು, ಖಾಸಗಿ ಕಂಪನಿಗೆ ಅದು ತಾಗುವುದಿಲ್ಲ. ಊರಲ್ಲಿದ್ದೇ ಬೆಂಗಳೂರಿನ ಪಗಾರ ತರುವ ದಾರಿ ಎಂದರೆ ನಿಮ್ಮ ಲ್ಯಾಪ್‌ಟಾಪ್ ಒಂದೇ. ಸರ್ಕಾರ ಇದನ್ನು ತಾಯಂದಿರಿಗಷ್ಟೇ ಬಿಟ್ಟುಕೊಡದೆ ಈ ಭಾಗದ ವಿಷಯವಾಗಿಯೂ ನೋಡಲಿ ಎಂಬುದು ನನ್ನ ಆಸೆ.

ಇನ್ನೊಂದು, ಇದು ಕಂಪನಿಯದಲ್ಲ, ನಮ್ಮ ಮನೆಯದು. “ಮನ್ಯಾಗ ಅದಾಳಲ್ಲ” ಎಂದು ನಿನ್ನ ಅವ್ವ ಮೀಟಿಂಗಿನ ನಡುವೆಯೇ ರೊಟ್ಟಿ ಬಡಿಯಲು ಕರೆಯುತ್ತಾಳೆ. ಅತ್ತ ಮ್ಯಾನೇಜರನೂ “ಮನೆಯಲ್ಲೇ ಇದ್ದೀರಲ್ಲ” ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾನೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂದಿದೆ. ಮನೆಯಲ್ಲಿ ಕೂತೆನೆಂದು ಆ ಲೆಕ್ಕ ಬಿಡಬೇಡ. ಒಂದು ನೋಟ್‌ಬುಕ್ಕಿನಲ್ಲಿ ಲಾಗಿನ್ ಮಾಡಿದ ಹೊತ್ತು, ಮುಗಿಸಿದ ಹೊತ್ತು ದಿನಾ ಬರೆದಿಡು. ನಿನ್ನ ಅವ್ವನಿಗೆ ಹೇಳುವ ಕೆಲಸ ನನಗಿರಲಿ. ಅರ್ಜಿಯಲ್ಲಿ ಮೊದಲು 6 ತಿಂಗಳಿಗೆ ಕೇಳು, ತಿಂಗಳಿಗೆ ಎಷ್ಟು ದಿನ ಆಫೀಸಿಗೆ ಬರಬಲ್ಲೆ ಎಂಬುದನ್ನೂ ನೀನೇ ಸೂಚಿಸು. ಆಫೀಸಿನಲ್ಲಿ 50 ಜನರಿದ್ದರೆ ಶಿಶುಪಾಲನಾ ಕೇಂದ್ರ ಇರಲೇಬೇಕು, ಅದಿದೆಯೇ ಎಂಬ ಪ್ರಶ್ನೆಯನ್ನು ಕೊನೆಯ ಸಾಲಿನಲ್ಲಿ ಹಾಕಿ ಕಳಿಸು.