ಹಾರ್ಡ್ ಡಿಸ್ಕಿನ ಧೂಳೂ ಸದ್ದೂ

ವಿದ್ಯಾರ್ಥಿಗಳೇ, ಊರಿನ ಮದುವೆಯ ಚಿತ್ರಗಳು, ಅಜ್ಜಿಯ ಹಾಡಿನ ಧ್ವನಿಮುದ್ರಣ, ನೀವು ಬರೆದ ಪ್ರಬಂಧಗಳು, ಇವೆಲ್ಲವೂ ಇಂದು ಅಂಗೈಯಗಲದ ಹಾರ್ಡ್ ಡಿಸ್ಕೊಂದರಲ್ಲಿ ಅಡಗಿರುವುದುಂಟು. 1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದೂ ಅದು ಹಿಡಿದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಈಗ ಸಂಪತ್ತು ಹೆಚ್ಚು. ಕೆಟ್ಟರೆ ಹಾನಿಯೂ ಅಷ್ಟೇ ಹೆಚ್ಚು.

ಡಿಸ್ಕಿನೊಳಗಿನ ನುಣ್ಣನೆಯ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಓದುವ ಹೆಡ್ಡು ತೇಲುತ್ತಿರುತ್ತದೆ. ನಮ್ಮ ಕೂದಲಿನ ದಪ್ಪವಾದರೋ ಹತ್ತಾರು ಸಾವಿರ ನ್ಯಾನೋಮೀಟರ್! ಹೀಗಿರಲು ಕಣ್ಣಿಗೆ ಕಾಣದ ಧೂಳಿನ ಕಣವೂ ಆ ಹೆಡ್ಡಿಗೆ ಬೆಟ್ಟವೇ ಸರಿ. ಆದುದರಿಂದಲೇ ತಟ್ಟೆಯನ್ನು ಧೂಳಿಲ್ಲದ ಕೋಣೆಯಲ್ಲಿ ಜೋಡಿಸಿ ಮುಚ್ಚಿರುತ್ತಾರೆ. ಒತ್ತಡ ಸರಿಹೊಂದಲು ಸಣ್ಣ ರಂಧ್ರವಿದ್ದರೂ ಅದಕ್ಕೆ ಸೋಸುವ ಪದರವುಂಟು. ನಗರದ ಧೂಳು ಹೊರಮೈಯಲ್ಲೇ ಕುಳಿತು ಕೇಬಲ್ ಸಿಕ್ಕಿಸುವ ಬಾಯಿಯನ್ನು ಕೆಡಿಸಬಹುದು. ಒಣಬಟ್ಟೆಯಿಂದ ಒರಸಿದರೆ ಸಾಕು. ಧೂಳು ತೆಗೆಯುವೆನೆಂದು ತಿರುಪು ಬಿಚ್ಚಿ ತಟ್ಟೆಯ ಮುಚ್ಚಳ ತೆರೆದವನೇ ಧೂಳನ್ನು ಒಳಗೆ ಬಿಟ್ಟವನಾಗುತ್ತಾನೆ.

ಇನ್ನು ಸದ್ದಿನ ಮಾತು. ಮೆಲ್ಲನೆಯ ಗುಂಯ್‌ಗುಟ್ಟುವಿಕೆ ಸಹಜ. ಆದರೆ ಟಕ್, ಟಕ್ ಎಂದು ಒಂದೇ ಲಯದಲ್ಲಿ ಮತ್ತೆ ಮತ್ತೆ ಕೇಳಿಬಂದು, ಕಂಪ್ಯೂಟರಿಗೆ ಡಿಸ್ಕೇ ಕಾಣದಾದರೆ, ಹೆಡ್ಡು ತಟ್ಟೆಯ ಮೇಲಿನ ಗುರುತುಗಳನ್ನು ಓದಲಾರದೆ ಹಿಂದಿರುಗಿ ಪುನಃ ಯತ್ನಿಸುತ್ತಿರಬೇಕೆಂದು ತಿಳಿಯಬೇಕು. ಬೀಪ್ ಎಂಬ ದನಿ ಬಂದರೆ ಮೋಟರು ತಿರುಗಲಾರದೆ ತಿಣುಕುತ್ತಿರಬಹುದು. ಕೆಲವೊಮ್ಮೆ ಇದಕ್ಕೆ ಸೊರಗಿದ ಕೇಬಲ್ಲೇ ಕಾರಣವಾದುದರಿಂದ ಒಂದು ಸಲ ಬೇರೆ ಕೇಬಲ್ ಹಾಕಿ ನೋಡಬಹುದು. ಎಲ್ಲಕ್ಕಿಂತ ಕೆಟ್ಟದ್ದು ಕೆರೆಯುವ ಸದ್ದು. ಹೆಡ್ಡು ತಟ್ಟೆಯನ್ನೇ ಉಜ್ಜಿ ಮೇಲ್ಪದರವನ್ನು ಕಿತ್ತರೆ, ಅಲ್ಲಿದ್ದ ಬರೆಹವನ್ನು ಯಾವ ಕುಶಲಿಯೂ ಮರಳಿ ತರಲಾರ.

ಇಂಥ ವೇಳೆ “ಇನ್ನೊಮ್ಮೆ ಹಾಕಿ ನೋಡೋಣ” ಎಂಬ ಆಸೆ ಯಾರಿಗೂ ಹುಟ್ಟುವುದೇ. ಆದರೆ ಪ್ರತಿ ಯತ್ನಕ್ಕೂ ಗೀರು ಬೆಳೆಯಬಹುದು. ಡಿಸ್ಕನ್ನು ತಟ್ಟುವುದು, ಫ್ರಿಜ್ಜಿನಲ್ಲಿಡುವುದು ಮುಂತಾದ ಮನೆಮದ್ದುಗಳನ್ನು ನಾವಂತೂ ಒಪ್ಪುವುದಿಲ್ಲ. ತಣ್ಣಗಾದ ಭಾಗಗಳ ಮೇಲೆ ತೇವ ಕೂಡುತ್ತದೆ. ಕೂಡಲೇ ಕೇಬಲ್ ತೆಗೆದು, ಬೇರೆ ಪ್ರತಿ ಇಲ್ಲದಿದ್ದರೆ, ಧೂಳಿಲ್ಲದ ಕೋಣೆಯುಳ್ಳ ಪರಿಣತರಿಗೇ ಒಪ್ಪಿಸಬೇಕು. ವೆಚ್ಚ ಮಾತ್ರ ಅಲ್ಪವಲ್ಲ.

ಸದ್ದಿಲ್ಲದೆಯೂ ಸೂಚನೆಗಳುಂಟು: ಕಡತ ತೆರೆಯಲು ಬಹಳ ಹೊತ್ತಾಗುವುದು, ನಕಲು ನಡುವೆಯೇ ನಿಲ್ಲುವುದು. ಆಗ ಇನ್ನೂ ಅವಕಾಶವಿದೆ. ಮತ್ತೆಲ್ಲಿಯೂ ದೊರೆಯದುದನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿರಿ, ಸಿನಿಮಾಗಳು ಕೊನೆಗಿರಲಿ. ತಿರುಗುವ ತಟ್ಟೆಯೇ ಇಲ್ಲದ ಎಸ್‌.ಎಸ್‌.ಡಿ. ಎಂಬ ಹೊಸ ಬಗೆಯದು ಕೆಡುವಾಗ ಈ ಟಕ್ ಎಂಬ ಎಚ್ಚರಿಕೆಯನ್ನೂ ಕೊಡುವುದಿಲ್ಲ.