ಪ್ರಶ್ನೋತ್ತರ: ‘ಅಂತೆ’ ಇದ್ದಲ್ಲೆಲ್ಲ ಉಪಮೆಯೇ?

ಪ್ರಶ್ನೆ: ‘ಅಂತೆ’, ‘ಹಾಗೆ’ ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ ಎಂದು ಬಾಯಿಪಾಠ ಮಾಡಿದ್ದೇನೆ. ಆದರೂ ಪ್ರತಿ ಪರೀಕ್ಷೆಯಲ್ಲಿ ಉತ್ಪ್ರೇಕ್ಷೆಯನ್ನು ಉಪಮೆ ಎಂದು ಬರೆದು ಅಂಕ ಹೋಗುತ್ತದೆ. ಗುರುತಿಸುವುದು ಹೇಗೆ, ಸರ್?
– ಪಿಯು ವಿದ್ಯಾರ್ಥಿನಿ, ಕಾರವಾರ

ಉತ್ತರ: ಮೊದಲು ಆ ಸೂತ್ರವನ್ನು ಬಿಟ್ಟುಬಿಡಿ. ‘ಅಂತೆ’ ಎರಡರಲ್ಲೂ ಬರುತ್ತದೆ. ನಿಮ್ಮೂರಿನ ಕಾಳಿ ನದಿಯನ್ನೇ ನೋಡೋಣ.

‘ಸಂಜೆಯ ಕಾಳಿ ಕರಗಿದ ತಾಮ್ರದಂತೆ ಹೊಳೆಯುತ್ತಿತ್ತು.’ ಕಾಳಿ ಉಪಮೇಯ, ತಾಮ್ರ ಉಪಮಾನ, ಹೊಳಪು ಸಮಾನಧರ್ಮ, ‘ಅಂತೆ’ ಉಪಮಾವಾಚಕ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ಒಂದು ಬಿಟ್ಟುಹೋದರೂ ಲುಪ್ತೋಪಮೆ. ‘ಸಂಜೆಯ ಕಾಳಿಯೇ ಕರಗಿದ ತಾಮ್ರ’ ಎಂದರೆ ಎರಡರ ನಡುವಿನ ಭೇದವನ್ನೇ ಅಳಿಸಿದ ಹಾಗಾಯಿತು. ಅದು ರೂಪಕ.

ಈಗ ಇದನ್ನು ಓದಿ: ‘ಜೊಯಿಡಾದ ಕಾಡನ್ನು ಬಿಟ್ಟು ಬರಲು ಮನಸ್ಸಿಲ್ಲದೆ ಕಾಳಿ ನಿಧಾನವಾದಂತೆ ಕಂಡಿತು.’ ಸದಾಶಿವಗಡದ ಹತ್ತಿರ ನದಿ ನಿಧಾನವಾಗುವುದು ನೆಲ ಸಮತಟ್ಟಾಗಿರುವುದರಿಂದ, ಸಮುದ್ರದ ಭರತ ಒಳಗೆ ನುಗ್ಗುವುದರಿಂದ. ಕವಿಗೆ ಆ ಕಾರಣ ಬೇಡ. ಇಲ್ಲದ ಕಾರಣವೊಂದನ್ನು ಸಂಭಾವಿಸಿದ್ದಾನೆ. ಇದೇ ಉತ್ಪ್ರೇಕ್ಷೆ, ಕಾರಣವನ್ನು ಕಲ್ಪಿಸಿದ್ದರಿಂದ ಹೇತೂತ್ಪ್ರೇಕ್ಷೆ. ಪರೀಕ್ಷೆಯಲ್ಲಿ ‘ಅಂತೆ’ ಕಂಡರೆ ಹೀಗೆ ಕೇಳಿಕೊಳ್ಳಿ: ಇಲ್ಲಿ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ್ದಾರೆಯೇ, ಅಥವಾ ನಡೆಯದ್ದನ್ನು ನಡೆದಿರಬಹುದೆಂದು ಊಹಿಸಿದ್ದಾರೆಯೇ? ಹೆಚ್ಚಿನ ಸಂದೇಹ ಅಲ್ಲಿಗೇ ಬಗೆಹರಿಯುತ್ತದೆ.

ಪ್ರಶ್ನೆ: ದಿನಕರ ದೇಸಾಯಿಯವರ ಚುಟುಕಗಳನ್ನು ಮಕ್ಕಳಿಗೆ ಹೇಳಿಕೊಡುತ್ತೇನೆ. ಸಾಲಿನ ಕೊನೆಯ ಪ್ರಾಸವೂ ಅಲಂಕಾರವೇ?
– ಶಿಕ್ಷಕರು, ಅಂಕೋಲಾ

ಉತ್ತರ: ಹೌದು, ಅಂತ್ಯಪ್ರಾಸ ಶಬ್ದಾಲಂಕಾರ. ಹಳಗನ್ನಡ ಕವಿಗಳು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ನಿಮ್ಮ ತಾಲ್ಲೂಕಿನ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದೇಸಾಯಿಯವರು ಪ್ರಾಸವನ್ನು ಸಾಲಿನ ತುದಿಯಲ್ಲಿಟ್ಟು, ನಾಲ್ಕೇ ಸಾಲಿನ ಚುಟುಕವನ್ನು ಮನೆಮನೆಗೆ ತಲುಪಿಸಿದರು. ಮಕ್ಕಳಿಗೆ ಅದು ಒಮ್ಮೆ ಕೇಳಿದರೆ ಸಾಕು, ಬಾಯಿಗೆ ಬಂದುಬಿಡುತ್ತದೆ.

ಶಬ್ದಾಲಂಕಾರವನ್ನೂ ಅರ್ಥಾಲಂಕಾರವನ್ನೂ ಬೇರ್ಪಡಿಸಲು ಹಳೆಯ ಆಲಂಕಾರಿಕರು ಒಳ್ಳೆಯ ಉಪಾಯ ಹೇಳಿದ್ದಾರೆ: ಪದ ತೆಗೆದು ಅದೇ ಅರ್ಥದ ಇನ್ನೊಂದನ್ನು ಹಾಕಿ ನೋಡಿ. ‘ಕಾಳಿ ಕಡಲ ಕೂಡುವಲ್ಲಿ’ ಎಂಬುದನ್ನು ‘ಕಾಳಿ ಸಾಗರ ಸೇರುವಲ್ಲಿ’ ಎಂದರೆ ಅರ್ಥ ಉಳಿಯಿತು, ಕಕಾರದ ಸೊಗಸು ಹೋಯಿತು. ಅಂದರೆ ಸೊಗಸು ಇದ್ದದ್ದು ಶಬ್ದದಲ್ಲಿ. ಮೇಲಿನ ತಾಮ್ರದ ಉಪಮೆಯಲ್ಲಿ ‘ಅಂತೆ’ ಬದಲು ‘ಹಾಗೆ’ ಹಾಕಿದರೂ ಏನೂ ಕೆಡುವುದಿಲ್ಲ. ತರಗತಿಯಲ್ಲಿ ಮಕ್ಕಳ ಕೈಯಲ್ಲೇ ಇದನ್ನು ಮಾಡಿಸಿ. ವ್ಯಾಖ್ಯೆ ಬರೆಸುವುದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ಹಾಲಕ್ಕಿ ಮನೆತನದ ನಮ್ಮ ಅಜ್ಜಿ ಶಾಲೆಗೆ ಹೋದವರಲ್ಲ. ಅವರ ಮದುವೆ ಹಾಡುಗಳಲ್ಲಿ ಅಲಂಕಾರ ಹುಡುಕಬಹುದೇ?
– ಓದುಗರು, ಅಂಕೋಲಾ

ಉತ್ತರ: ಖಂಡಿತ ಹುಡುಕಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದಲ್ಲಿ ಉಳಿದಿರುವ ಮೊದಲ ಅಲಂಕಾರ ಗ್ರಂಥ. ಓದು ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದ ನಾಡವರನ್ನು ಅದೇ ಗ್ರಂಥ ಮೆಚ್ಚಿಕೊಂಡಿದೆ. ನಿಮ್ಮ ತಾಲ್ಲೂಕಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಹಾಡುಗಳಿಗಾಗಿಯೇ. ಒಂದೇ ಮಾತು: ಅಜ್ಜಿ ಹಾಡಿದ ಹಾಗೆಯೇ, ಅವರ ಉಚ್ಚಾರದಲ್ಲೇ ಬರೆದುಕೊಳ್ಳಿ. ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಅರ್ಥಾಲಂಕಾರ ಉಳಿದೀತು, ಪ್ರಾಸ ಉಳಿಯುವುದಿಲ್ಲ.